ಪಿಯುಸಿ ನೆನಪಿಸುವ ಟ್ರಾನ್ಸ್‌ಫರ್ ದಾರಿ

ಪ್ರಿಯ ಓದುಗರೇ,

ದೀಪಾವಳಿ ಸಂಚಿಕೆಗೆ ಹಬ್ಬದ ವಿಷಯವನ್ನೇ ಬರೆಯೋಣ ಅಂದುಕೊಂಡಿದ್ದೆ. ಆದರೆ ಹೋದ ತಿಂಗಳು ಕನ್ನಡ ಶಾಲೆ ಬಿಟ್ಟ ಹೊತ್ತಿಗೆ ಪಾರ್ಕಿಂಗ್ ಲಾಟಿನಲ್ಲಿ ಒಬ್ಬ ತಾಯಿ ಕೇಳಿದ ಮಾತು ಮನಸ್ಸಿನಿಂದ ಹೋಗಲಿಲ್ಲ. "ಮಗ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಾನೆ. ಆಮೇಲೆ ಯುಸಿಗೆ ಹೋಗ್ತಾನೆ. ಮೇಜರ್ ಯಾವ್ದು ಅಂತ ಅಲ್ಲಿಗೆ ಹೋದ್ಮೇಲೆ ನೋಡ್ಕೊಂಡ್ರೆ ಆಯ್ತು ಅಲ್ವಾ?"

ಆಗುವುದಿಲ್ಲ. ಇದನ್ನು ಹೇಳಲಿಕ್ಕೇ ಈ ಸಲದ ಪುಟ. ಎರಡು ವರ್ಷದ ಕಮ್ಯುನಿಟಿ ಕಾಲೇಜು ಮುಗಿಸಿ ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಹೋಗುವುದನ್ನೇ ಟ್ರಾನ್ಸ್‌ಫರ್ ಅನ್ನುತ್ತಾರೆ. ಮೇಜರ್ ಅಂದರೆ ಡಿಗ್ರಿಯ ಮುಖ್ಯ ವಿಷಯ.

ಹೈಸ್ಕೂಲಿನಿಂದ ನೇರ ಯೂನಿವರ್ಸಿಟಿಗೆ ಹೋದ ಮಕ್ಕಳಿಗೆ ಹಲವು ಕಡೆ ಒಂದೆರಡು ವರ್ಷ ಅದೂ ಇದೂ ಓದಿ ನೋಡುವ ಅವಕಾಶ ಇದೆ. ನಮ್ಮ ನೆಂಟರಿಷ್ಟರಿಂದ ನಾವು ಕೇಳುವುದೂ ಆ ಕಥೆಗಳನ್ನೇ. ಟ್ರಾನ್ಸ್‌ಫರ್ ಮಕ್ಕಳದ್ದು ಬೇರೆ. ಯುಸಿ ಅವರನ್ನು ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ. 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ ಮುಗಿದಿರಬೇಕು. (ಯೂನಿಟ್ ಅಂದರೆ ಕೋರ್ಸಿಗೆ ಸಿಗುವ ಕ್ರೆಡಿಟ್. ಓದಿನ ವರ್ಷವನ್ನು ಎರಡು ಭಾಗ ಮಾಡಿದರೆ ಸೆಮಿಸ್ಟರ್, ಮೂರು ಮಾಡಿದರೆ ಕ್ವಾರ್ಟರ್.) ಆ ಮೇಜರ್ ಕೇಳುವ ಕೆಳಹಂತದ ಕೋರ್ಸುಗಳೂ ಅದರಲ್ಲೇ ಬರಬೇಕು. ಅಂದರೆ ಇದು ನಮ್ಮ ಪಿಯುಸಿಯ ಹಾಗೆ. ಪಿಸಿಎಂಬಿಯೋ ಪಿಸಿಎಂಸಿಯೋ ಅಂತ ಹದಿನಾರನೇ ವಯಸ್ಸಿಗೆ ಬರೆದುಕೊಟ್ಟ ಫಾರಂ ನೆನಪಿದೆಯಲ್ಲ? ಇಲ್ಲಿ ಆ ಫಾರಂ ಯಾರೂ ಕೈಗೆ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ. ಮೊದಲ ಸೆಮಿಸ್ಟರಿಗೆ ಯಾವ ಗಣಿತ ತೆಗೆದುಕೊಂಡರು ಅನ್ನುವುದೇ ಆ ಫಾರಂ.

ಇಂಜಿನಿಯರಿಂಗನ್ನೇ ನೋಡಿ. ಕ್ಯಾಲ್ಕುಲಸ್ ಒಂದು, ಎರಡು, ಆಮೇಲೆ ಮಲ್ಟಿವೇರಿಯಬಲ್, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ಸ್. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಬಿಡುವುದಿಲ್ಲ. ಫಿಸಿಕ್ಸ್ ಶುರುಮಾಡಲಿಕ್ಕೂ ಕ್ಯಾಲ್ಕುಲಸ್ ಬೇಕು. ಮೊದಲ ಸೆಮಿಸ್ಟರ್ ಪ್ರೀಕ್ಯಾಲ್ಕುಲಸ್ ಕ್ಲಾಸಿನಲ್ಲಿ ಕೂತ ಮಗುವಿಗೆ ಇಷ್ಟನ್ನೂ ಎರಡು ವರ್ಷದಲ್ಲಿ ಮುಗಿಸುವುದು ತುಂಬಾ ಕಷ್ಟ. ಬೇಸಿಗೆ ಕ್ಲಾಸು ಹಿಡಿಯಬೇಕು, ಇಲ್ಲವೇ ಇನ್ನೊಂದು ವರ್ಷ ಇರಬೇಕು.

ನಮ್ಮ ಮನೆಯಲ್ಲೂ ಏಟು ಬಿದ್ದಿದೆ. ಮಗಳು ಫಿಸಿಕ್ಸ್‌ನ ಮೂರು ಭಾಗಗಳಲ್ಲಿ ಮೊದಲನೆಯದನ್ನು ಕ್ವಾರ್ಟರ್ ಪದ್ಧತಿಯ ಒಂದು ಕಾಲೇಜಿನಲ್ಲಿ ಮಾಡಿದಳು. ಎರಡನೆಯ ಭಾಗದ ಕ್ಲಾಸು ಭರ್ತಿಯಾಗಿತ್ತು. ಸುಮ್ನೆ ಕಾಯುವುದು ಯಾಕೆ ಅಂತ ಪಕ್ಕದ ಊರಿನ ಸೆಮಿಸ್ಟರ್ ಕಾಲೇಜಿಗೆ ಸೇರಿಸಿದೆ. ಸೇರಿಸಿದ್ದು ನಾನೇ. ಎರಡರಲ್ಲೂ ಎ ಬಂತು. ಆದರೆ ಅವಳು ಅರ್ಜಿ ಹಾಕಬೇಕೆಂದಿದ್ದ ಕ್ಯಾಂಪಸ್ಸಿಗೆ ಆ ಮೂರು ಭಾಗಗಳೂ ಒಂದೇ ಕಾಲೇಜಿನಿಂದ ಬರಬೇಕಿತ್ತು. ಅರ್ಧ ಇಲ್ಲಿ ಅರ್ಧ ಅಲ್ಲಿ ನಡೆಯುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಸಾಲನ್ನು ಅವಳು ಎರಡು ಸಲ ಓದಿದಳು. ಆಮೇಲೆ ಏನೂ ಮಾತಾಡದೆ ಮುಚ್ಚಿಟ್ಟಳು. ಕೊನೆಗೆ ಮುಗಿಸಿದ್ದ ಕೋರ್ಸನ್ನೇ ಮತ್ತೆ ಮಾಡಿದಳು.

ಆ ಸಾಲು ಇದ್ದದ್ದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ. ಕ್ಯಾಲಿಫೋರ್ನಿಯಾದ ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯಾವ ಯುಸಿ ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸಿನಲ್ಲಿ ಯಾವುದಕ್ಕೆ ಸಮ ಅಂತ ಅಲ್ಲಿ ಸಿಗುತ್ತದೆ. ದುಡ್ಡಿಲ್ಲ, ಲಾಗಿನ್ ಇಲ್ಲ. ಮೊದಲ ವಾರವೇ ನೋಡಿದ್ದರೆ ಆ ಕ್ವಾರ್ಟರ್ ಉಳಿಯುತ್ತಿತ್ತು. ಎರಡು ಮೇಜರ್ ಮನಸ್ಸಿನಲ್ಲಿದ್ದರೆ ಎರಡರ ಪಟ್ಟಿಯನ್ನೂ ಪ್ರಿಂಟ್ ತೆಗೆದು ಅಕ್ಕಪಕ್ಕ ಇಡಿ. ಎರಡಕ್ಕೂ ಬೇಕಾದ ಕೋರ್ಸುಗಳಿಗೆ ಬಣ್ಣ ಹಚ್ಚಿ. ಮೊದಲ ವರ್ಷ ಅವನ್ನೇ ತೆಗೆದುಕೊಂಡರೆ ಯೋಚನೆಗೆ ಇನ್ನೊಂದಿಷ್ಟು ಸಮಯ ಸಿಗುತ್ತದೆ.

ಇನ್ನು ಈ "ಡಬಲ್" ವಿಷಯ. ಡಬಲ್ ಮೇಜರ್ ಅಂದರೆ ಎರಡು ವಿಷಯ, ಡಿಗ್ರಿ ಒಂದೇ. ಡಬಲ್ ಡಿಗ್ರಿ ಅಂದರೆ ಒಂದು ಬಿಎಸ್, ಇನ್ನೊಂದು ಬಿಎ ಅನ್ನುವ ಹಾಗೆ ಎರಡು ಡಿಗ್ರಿ. ಸಾಮಾನ್ಯವಾಗಿ ಅದಕ್ಕೆ ಯೂನಿಟ್ಟೂ ಜಾಸ್ತಿ, ಸಮಯವೂ ಜಾಸ್ತಿ. ಟ್ರಾನ್ಸ್‌ಫರ್ ಆದವರ ಕೈಯಲ್ಲಿರುವುದು ಎರಡೇ ವರ್ಷ. ಎಷ್ಟು ಯೂನಿಟ್, ಎಷ್ಟು ಸೆಮಿಸ್ಟರ್ ಅಂತ ಹಲವು ಕಾಲೇಜುಗಳು ಮಿತಿಯನ್ನೂ ಹಾಕುತ್ತವೆ. ಕಂಪ್ಯೂಟರ್ ಸೈನ್ಸ್‌ನಂಥ ಕಿಕ್ಕಿರಿದ ಮೇಜರ್‌ಗೆ ಒಳಗೆ ಹೋದಮೇಲೆ ಸೇರಿಕೊಳ್ಳುವುದಂತೂ ಬಲು ಕಷ್ಟ. "ಸುಲಭದ್ದಕ್ಕೆ ಸೇರಿ ಆಮೇಲೆ ಸಿಎಸ್ ಸೇರಿಸ್ಕೋ" ಅನ್ನುವ ಸಲಹೆ ನಮ್ಮ ಕೂಟಗಳಲ್ಲಿ ಊಟದ ಸಾಲಿನಲ್ಲೇ ಹಂಚಿಹೋಗುತ್ತದೆ. ದಯವಿಟ್ಟು ಅದನ್ನು ನಂಬಬೇಡಿ.

ಎರಡು ಡಿಗ್ರಿಗೆಂದೇ ಮಾಡಿದ ದಾರಿಗಳೂ ಇವೆ. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಕಂಬೈನ್ಡ್ ಪ್ಲಾನ್ ಅಂಥದ್ದು. ಅದರ ಜೊತೆ ಒಪ್ಪಂದ ಇರುವ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಮೂರು ವರ್ಷ, ಕೊಲಂಬಿಯಾದಲ್ಲಿ ಎರಡು ವರ್ಷ. ಕೊನೆಗೆ ಆ ಕಾಲೇಜಿನ ಬಿಎ, ಕೊಲಂಬಿಯಾದ ಇಂಜಿನಿಯರಿಂಗ್ ಬಿಎಸ್. ಫಿಲಾಸಫಿಯನ್ನೂ ಬಿಡಲಾರೆ, ಸೇತುವೆ ಕಟ್ಟುವುದನ್ನೂ ಬಿಡಲಾರೆ ಅನ್ನುವ ಮಗುವಿಗೆ ಇದು ವರ. ರೆಸ್ಯೂಮೆಯಲ್ಲಿ ಎರಡು ಸಾಲು ಇರಲಿ ಅನ್ನುವವರಿಗೆ ಒಂದು ವರ್ಷದ ಫೀಸು ದಂಡ.

ಎಚ್-4 ಮೇಲೆ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾದ ಆಸರೆಯಲ್ಲಿ ಇರುವ ಮಕ್ಕಳ ಮನೆಯವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಟ್ರಾನ್ಸ್‌ಫರ್ ಮಕ್ಕಳಿಗೆ ಆ ಹುಟ್ಟುಹಬ್ಬ ಸಾಮಾನ್ಯವಾಗಿ ಮೂರನೇ ನಾಲ್ಕನೇ ವರ್ಷದ ನಡುವೆಯೇ ಬರುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗುವ ಓಡಾಟದ ಮಧ್ಯೆ ಐದನೇ ವರ್ಷವೂ ಬೇಕೇ ಅಂತ ಮೊದಲೇ ಕೂತು ಮಾತಾಡಿ.

ಒಂದು ಮಾತು ಹೇಳದೆ ಇರಲಾರೆ. ಕಮ್ಯುನಿಟಿ ಕಾಲೇಜು ಅಂದಕೂಡಲೇ ನಮ್ಮಲ್ಲಿ ಕೆಲವರು ದನಿ ತಗ್ಗಿಸುತ್ತಾರೆ. ಯಾಕೆ? ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಅಲ್ಲಿ ಯೂನಿಟ್ಟಿಗೆ 46 ಡಾಲರ್. 60 ಯೂನಿಟ್ಟಿಗೆ 2,760. ಈ ದಾರಿಯನ್ನು ಕ್ಯಾಲಿಫೋರ್ನಿಯಾದ ಉನ್ನತ ಶಿಕ್ಷಣದ 1960ರ ಮಾಸ್ಟರ್ ಪ್ಲಾನ್‌ನಲ್ಲೇ ಯೋಚಿಸಿ ಹಾಕಿದ್ದಾರೆ. ಇದು ಹಿಂಬಾಗಿಲಲ್ಲ. ಮಕ್ಕಳ ಎದುರು ದನಿ ತಗ್ಗಿಸಬೇಡಿ, ಅವರಿಗೆ ಕೇಳಿಸುತ್ತದೆ.

ಯುಸಿಯ ಆರು ಕ್ಯಾಂಪಸ್ಸುಗಳು ಕೊಡುವ ಟ್ಯಾಗ್, ಅಂದರೆ ಪ್ರವೇಶದ ಖಾತ್ರಿಗೆ ಅರ್ಜಿ ಹಾಕುವ ಸಮಯ ಸೆಪ್ಟೆಂಬರ್‌ಗೇ ಮುಗಿಯಿತು. ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೋ ಅದರಲ್ಲಿ ಇಲ್ಲ. ಮುಂದಿನ ವರ್ಷ ಹೋಗುವವರು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಈ ವರ್ಷದವರು ಮಾಮೂಲಿ ಅರ್ಜಿಯನ್ನು ನವೆಂಬರ್ ಮುಗಿಯುವುದರೊಳಗೆ ಕಳಿಸಿಬಿಡಿ. ಕೊನೇ ರಾತ್ರಿಗೆ ಇಟ್ಟುಕೊಳ್ಳಬೇಡಿ.

ಬರುವ ಭಾನುವಾರ ಕನ್ನಡ ಶಾಲೆ ಬಿಟ್ಟಮೇಲೆ, ಟ್ರಾನ್ಸ್‌ಫರ್ ಆಗಿ ಓದುತ್ತಿರುವ ನಮ್ಮ ಕೂಟದ ನಾಲ್ಕು ಮಕ್ಕಳು ಎರಡು ಗಂಟೆ ನಿಮ್ಮ ಜೊತೆ ಕೂರಲು ಒಪ್ಪಿದ್ದಾರೆ. ನನ್ನ ಮಗಳೂ ಇರುತ್ತಾಳೆ. ಅಸಿಸ್ಟ್ ಪಟ್ಟಿ ಪ್ರಿಂಟ್ ಮಾಡಿ ತನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಪ್ರಶ್ನೆ ಅವರೇ ಕೇಳಲಿ.