ತೆಗೆದ ಪೊರೆ ಮತ್ತೆ ಬರುವುದಿಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಅಪ್ಪನಿಗೆ ಮತ್ತೆ ಮಂಜು ಮಂಜಾಗಿ ಕಾಣುತ್ತಿದೆ, ಪೊರೆ ತಿರುಗಿ ಬಂದಿದೆ ಅಂತ ಬರೆದಿದ್ದೀಯ. ಆಪರೇಷನ್ ಮಾಡಿದ ಡಾಕ್ಟರ ಮೇಲೆ ಸಿಟ್ಟಾಗಿರುವುದೂ ಗೊತ್ತಾಯಿತು. ಸ್ವಲ್ಪ ತಡಿ. ತೆಗೆದ ಪೊರೆ ಮತ್ತೆ ಬರುವುದಿಲ್ಲ.

ಕಣ್ಣೊಳಗಿನ ಲೆನ್ಸ್ ಮಬ್ಬಾದರೆ ಅದೇ ಪೊರೆ. ಆಪರೇಷನ್‌ನಲ್ಲಿ ಅದನ್ನು ತೆಗೆದು, ಅದು ಕೂತಿದ್ದ ತೆಳು ಚೀಲವನ್ನು ಮಾತ್ರ ಉಳಿಸುತ್ತಾರೆ. ಹೊಸ ಲೆನ್ಸ್ ಕೂರಿಸಲು ಜಾಗ ಬೇಕಲ್ವಾ? ಆ ಚೀಲದಲ್ಲಿ ಉಳಿದ ಜೀವಕೋಶಗಳು ಮೆಲ್ಲಗೆ ಬೆಳೆದು ಲೆನ್ಸಿನ ಹಿಂದೆ ಹರಡಿಕೊಂಡು ಚೀಲವೇ ಮಬ್ಬಾಗುವುದುಂಟು. ಕೆಲವರಿಗೆ ತಿಂಗಳುಗಳಲ್ಲೇ, ಕೆಲವರಿಗೆ ಎಷ್ಟೋ ವರ್ಷಕ್ಕೆ. ಎಷ್ಟು ಚೆನ್ನಾಗಿ ಆಪರೇಷನ್ ಮಾಡಿದ್ದರೂ ಆಗಬಹುದು.

ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲ ನೆನಪಿಸಿಕೋ. ಆಗೆಲ್ಲ ಸಾಮಾನ್ಯವಾಗಿ ಚೀಲದ ಸಮೇತ ಲೆನ್ಸ್ ತೆಗೆದು, ಸೋಡಾ ಬುಡ್ಡಿ ಕನ್ನಡಕ ಕೊಡುತ್ತಿದ್ದರು. ಚೀಲವೇ ಇಲ್ಲದ ಮೇಲೆ ಅದು ಮಬ್ಬಾಗುವ ಮಾತೆಲ್ಲಿ? ನಮ್ಮ ಅಜ್ಜಿಯರಿಗೆ ಈ ತೊಂದರೆ ಇತ್ತು ಅಂತ ನಾವು ಕೇಳದಿರುವುದು ಅದಕ್ಕೇ ಇರಬೇಕು.

ಅಮ್ಮನಿಗೂ ಇದೇ ಆಗಿತ್ತು. ಕಣ್ಣಿನ ಸುದ್ದಿಯನ್ನೇ ಅವಳು ಎತ್ತಲಿಲ್ಲ. ಸಂಜೆ ಭಜನೆಗೆ ಹೋಗುವುದು ಬಿಟ್ಟಳು, ಕೇಳಿದರೆ ಮಂಡಿನೋವು ಅಂದಳು. ಎದುರಿಗೆ ಬರುವ ಬೈಕಿನ ಲೈಟು ಕಣ್ತುಂಬ ಹರಡಿಕೊಂಡು ರಸ್ತೆಯೇ ಕಾಣುತ್ತಿರಲಿಲ್ಲವಂತೆ. ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದೆಲ್ಲ ಸುಮ್ನೆ! ಮಲ್ಲಿಗೆ ಕಟ್ಟಲು ಹಸಿರು ದಾರವೇ ಬೇಕು ಅಂತ ಹಟ ಬೇರೆ. ಬಿಳಿ ಹೂವಿನ ಮೇಲೆ ಬಿಳಿ ದಾರ ಕಾಣಿಸುತ್ತಿರಲಿಲ್ಲ ಅಷ್ಟೇ.

ಇದಕ್ಕೆ ಯಾಗ್ ಲೇಸರ್ ಮಾಡುತ್ತಾರೆ. ಹನಿ ಹಾಕಿ, ಮಷೀನಿಗೆ ಗದ್ದ ಊರಿ ಕೂರಿಸಿ, ಮಬ್ಬಾದ ಚೀಲದ ನಡುವೆ ಒಂದು ಕಿಂಡಿ ತೆರೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಅವತ್ತೇ ಮನೆಗೆ. ಆಮೇಲೆ ಸ್ವಲ್ಪ ದಿನ ಕಣ್ಣೆದುರು ಚುಕ್ಕೆ ತೇಲಬಹುದು. ಆದರೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಒಂದು ಕಡೆಯಿಂದ ಪರದೆ ಇಳಿದ ಹಾಗಾದರೆ ಅದೇ ದಿನ ಓಡಬೇಕು. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಕಿತ್ತುಬರುವುದು ಅಪರೂಪ, ಆದರೆ ಹಾಗಾದರೆ ಕಾಯುವಂತಿಲ್ಲ.

ಹಾಗಂತ ಲೇಸರ್ ಮಾಡಿಸಿಬಿಡೋಣ ಅಂತ ನೀನೇ ತೀರ್ಮಾನ ಮಾಡಬೇಡ. ಅಪ್ಪನಿಗೆ ಶುಗರ್ ಇದೆ. ಮಬ್ಬಿಗೆ ಅದೂ ಕಾರಣ ಇರಬಹುದು, ಆಗ ತೊಂದರೆ ರೆಟಿನಾದಲ್ಲಿರುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಆದರೆ ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಒಂದೊಂದೇ ಕಣ್ಣು ಮುಚ್ಚಿಸಿ ಬಾಗಿಲ ಚೌಕಟ್ಟು ನೋಡಲು ಹೇಳು. ನೆಟ್ಟಗಿನ ಗೆರೆ ಸೊಟ್ಟ ಕಂಡರೆ ಅದು ರೆಟಿನಾದ ನಡುಭಾಗದ ತೊಂದರೆ ಇರಬಹುದು. ಇವು ಯಾವುದಕ್ಕೂ ಆ ಕಿಂಡಿಯ ಲೇಸರ್ ಪ್ರಯೋಜನವಿಲ್ಲ. ಅದಕ್ಕೇ ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗ ನೋಡಿ ಅಂತ ಕೇಳು, ಕಣ್ಣಿನ ಪ್ರೆಶರೂ ನೋಡಿಸು. "ವಯಸ್ಸಾಯ್ತಲ್ಲ, ಇನ್ನೇನು" ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ವಯಸ್ಸು ಒಂದು ಕಾಯಿಲೆಯ ಹೆಸರಲ್ಲ.

ಹೋಗುವಾಗ ಹಳೇ ಆಪರೇಷನ್ ಕಾಗದ, ಶುಗರ್ ರಿಪೋರ್ಟ್ ಜೊತೆಗಿರಲಿ. ಹನಿ ಹಾಕಿದ ಮೇಲೆ ಬಿಸಿಲು ಚುಚ್ಚುತ್ತದೆ, ಕಪ್ಪು ಕನ್ನಡಕ ಒಯ್ಯಿ. ಕೆಲವು ಗಂಟೆ ಓದಲೂ ಆಗುವುದಿಲ್ಲ. ಪೇಪರ್ ಓದು ಮುಗಿದ ಮೇಲೆಯೇ ಹೊರಡಿಸು, ಇಲ್ಲವಾದರೆ ದಾರಿಯುದ್ದಕ್ಕೂ ಬೈಗುಳ ನಿನಗೇ.

ಡಾಕ್ಟರ್ ಏನಂದರು ಬರೆ.

ನಿನ್ನ
ಗೆಳೆಯ