ಶನಿವಾರ ವಾಡಾದ ಕೂಗು

ಪ್ರಿಯ ಮಂಜುನಾಥ,

ನೀನು ಕಳಿಸಿದ ವಿಡಿಯೋ ನೋಡಿದೆ. ಮರಾಠಾ ರಾಜ್ಯ ನಡೆಸಿದ ಪೇಶ್ವೆಗಳ ಅರಮನೆ ಶನಿವಾರ ವಾಡಾ, ಹುಣ್ಣಿಮೆ ರಾತ್ರಿ ಅಲ್ಲಿ ಕೊಲೆಯಾದ ಹುಡುಗ ಪೇಶ್ವೆಯ ದೆವ್ವ ಕೂಗುತ್ತದೆ ಅನ್ನುವ ಕತೆ, ಹಿಂದೆ ನಾಯಿ ಊಳಿಡುವ ಸದ್ದು ಬೇರೆ. ‘ಪುಣೆಯಲ್ಲೇ ಇದ್ದೀಯಲ್ಲ, ಇದು ನಿಜಾನಾ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಗಾಡಿಬಿಡುತ್ತೀಯ. ಅದಕ್ಕೇ ಪತ್ರ. ಬೇರೆಯವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಕೂಗು ನಾನು ಕೇಳಿಲ್ಲ. ಕೇಳಿದವರೂ ಯಾರೂ ಸಿಕ್ಕಿಲ್ಲ. ಕೇಳಿದವರ ಪರಿಚಯದವರು ಮಾತ್ರ ಬೇಕಾದಷ್ಟು ಸಿಗುತ್ತಾರೆ. ರಾತ್ರಿ ಒಳಗೆ ಯಾರನ್ನೂ ಬಿಡುವುದಿಲ್ಲ, ಕತೆ ಬೆಳೆಯಲು ಅಷ್ಟು ಸಾಕಲ್ವಾ? ಕೆಲವರು ಹುಣ್ಣಿಮೆ ಅಂತಾರೆ, ಕೆಲವರು ಅಮಾವಾಸ್ಯೆ ಅಂತಾರೆ. ಕೂಗಿದ ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ: ‘ಕಾಕಾ, ಮಲಾ ವಾಚವಾ’. ಕಾಕಾ, ನನ್ನ ಉಳಿಸು. ನಮ್ಮ ಧಾರವಾಡದ ಕಡೆಯೂ ಅಪ್ಪನ ತಮ್ಮನಿಗೆ ಕಾಕಾ ಅಂತಲೇ ಅನ್ನೋದು. ಅದಕ್ಕೇ ಏನೋ, ನನಗೆ ಇದು ಯಾರದೋ ರಾಜಮನೆತನದ ಸುದ್ದಿ ಅನ್ನಿಸುವುದೇ ಇಲ್ಲ.

ನಡೆದದ್ದು ಇಷ್ಟು. 1772ರಲ್ಲಿ ಪೇಶ್ವೆ ಮಾಧವರಾವ್ ಕ್ಷಯದಿಂದ ತೀರಿಕೊಂಡ. ತಮ್ಮ ನಾರಾಯಣರಾವ್ ಗಾದಿಗೆ ಬಂದ. ಕಾಕಾ ರಘುನಾಥರಾವ್‌ಗೆ ಆ ಗಾದಿಯ ಮೇಲೆ ಮೊದಲಿನಿಂದಲೂ ಕಣ್ಣು. ಅವನನ್ನು ವಾಡಾದೊಳಗೇ ಕಾವಲಿನಲ್ಲಿ ಇಟ್ಟಿದ್ದರು. 1773ರ ಆಗಸ್ಟ್ 30, ಗಣೇಶ ಹಬ್ಬದ ದಿನಗಳು. ಗಾರದಿ ಅನ್ನುವ ಕೂಲಿ ಸಿಪಾಯಿಗಳು ಸಂಬಳದ ಬಾಕಿ ಅಂತ ಗಲಾಟೆ ಎಬ್ಬಿಸಿ, ಕತ್ತಿ ಹಿರಿದು ಒಳಗೆ ನುಗ್ಗಿದರು. ಮುಂದಾಳು ಸುಮೇರಸಿಂಗ್. ಹುಡುಗ ನಾರಾಯಣರಾವ್ ಓಡಿಹೋಗಿ ಗಟ್ಟಿಯಾಗಿ ಹಿಡಿದದ್ದು ಕಾಕಾನನ್ನೇ. ಅಲ್ಲೇ ಕಡಿದರು. ಉಳಿಸಲು ಅಡ್ಡ ಬಿದ್ದ ಸೇವಕ ಚಾಪಾಜಿ ಟಿಳೇಕರನೂ ಸತ್ತ. ನಾರಾಯಣರಾವ್‌ಗೆ ಆಗ 18 ವರ್ಷ.

ನೋಡು, ಇದು ರಾತ್ರಿ ನಡೆದದ್ದಲ್ಲ. ಮಟಮಟ ಮಧ್ಯಾಹ್ನ, ಮನೆ ತುಂಬ ಜನ ಇದ್ದಾಗ. ನನಗೆ ಮೈ ಜುಂ ಅನ್ನುವುದು ಇದಕ್ಕೇ. ಹುಣ್ಣಿಮೆ, ದೆವ್ವ ಎಲ್ಲ ಆಮೇಲೆ ಅಂಟಿಸಿದ್ದು. ಹಾಡಹಗಲೇ ಅಷ್ಟು ಜನರ ನಡುವೆ ಕೊಂದರು ಅನ್ನುವುದಕ್ಕಿಂತ, ರಾತ್ರಿ ದೆವ್ವ ಕೂಗುತ್ತದೆ ಅನ್ನುವುದೇ ಸುಲಭ ಇರಬೇಕು.

ಇನ್ನೊಂದು ಕತೆ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ರಘುನಾಥರಾವ್ ಗಾರದಿಗಳಿಗೆ ಕೊಟ್ಟ ಚೀಟಿಯಲ್ಲಿ ನಾರಾಯಣರಾವ್‌ನನ್ನು ‘ಧರಾವೆ’, ಅಂದರೆ ಹಿಡಿಯಿರಿ ಅಂತ ಬರೆದಿದ್ದನಂತೆ. ಹೆಂಡತಿ ಆನಂದೀಬಾಯಿ ಒಂದಕ್ಷರ ತಿದ್ದಿ ‘ಮಾರಾವೆ’, ಅಂದರೆ ಕೊಲ್ಲಿರಿ ಅಂತ ಮಾಡಿದಳಂತೆ. ನನಗೇನೋ ಇದು ಗಂಡನ ತಲೆ ಮೇಲಿನ ಪಾಪ ಇಳಿಸಲು ಕಟ್ಟಿದ ಕತೆ ಅನ್ನಿಸುತ್ತದೆ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ವಿಚಾರಿಸಿ ತಪ್ಪಿತಸ್ಥ ಅಂದದ್ದು ರಘುನಾಥರಾವ್‌ನನ್ನೇ. ಅದೂ ಮುಖಕ್ಕೇ ಹೇಳಿ, ಕೆಲಸ ಬಿಟ್ಟು ಪುಣೆಯಿಂದ ಹೊರಟರು. ಇಂಥವರ ಮೇಲೆ ಯಾರೂ ವಿಡಿಯೋ ಮಾಡಲ್ಲ ಬಿಡು.

ಒಳಗೆ ಹೋದರೆ ಆ ಕೋಣೆ ಎಲ್ಲಿ ಅಂತ ಹುಡುಕಬೇಡ. ಮೊದಲನೇ ಬಾಜೀರಾವ್ 1732ರಲ್ಲಿ ಕಟ್ಟಿ ಮುಗಿಸಿದ ವಾಡಾ 1828ರಲ್ಲಿ ಬೆಂಕಿಗೆ ಸಿಕ್ಕಿ, ಮರದ ಮಹಡಿಗಳೆಲ್ಲ ಬೂದಿಯಾದವು. ಈಗ ಇರುವುದು ಸುತ್ತಲಿನ ಗೋಡೆ, ಐದು ಬಾಗಿಲು, ಕಲ್ಲಿನ ತಳಪಾಯ, ನಡುವೆ ಹುಲ್ಲು. ಅದರ ಮೇಲೆ ಕಾಲೇಜು ಹುಡುಗರ ಸೆಲ್ಫಿ. ನೋಡಲೇಬೇಕಾದದ್ದು ದಿಲ್ಲಿ ದರವಾಜ. ಕದಗಳಿಗೆ ಸಾಲು ಸಾಲಾಗಿ ಚೂಪು ಮೊಳೆ ಹೊಡೆದಿದ್ದಾರೆ, ಆನೆಯ ಹಣೆ ತಾಗುವ ಎತ್ತರಕ್ಕೆ. ಯುದ್ಧದಾನೆ ಗುದ್ದಿ ಮುರಿಯಬಾರದು ಅಂತ. ಆನೆಯನ್ನೇ ತಡೆಯುವ ಬಾಗಿಲು, ಸಂಬಳಕ್ಕಿದ್ದ ಸಿಪಾಯಿಗಳನ್ನು ಏನು ಮಾಡೀತು?

ಇನ್ನೊಂದು ಬಾಗಿಲಿಗೆ ನಾರಾಯಣ ದರವಾಜ ಅಂತಲೇ ಹೆಸರು. ಹೆಣವನ್ನು ಅಲ್ಲಿಂದಲೇ ಹೊರಗೆ ಒಯ್ದರಂತೆ.

ರಜೆ ಸಿಕ್ಕಾಗ ಬಾ. ಬಿಸಿಲಾದರೂ ಪರವಾಗಿಲ್ಲ, ಮಧ್ಯಾಹ್ನವೇ ಹೋಗೋಣ. ಲಾಲ್ ಮಹಲ್, ಕಸ್ಬಾ ಗಣಪತಿ ಎರಡೂ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಬರುವಾಗ ಊರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಾ. ಇಲ್ಲಿಯದಕ್ಕೆ ನಮ್ಮ ಖಾರ ಇಲ್ಲ ಮಾರಾಯ.

ನಿನ್ನ,
ಶ್ರೀಧರ