ಕಿವಿ ಹೋಗ್ತಿದೆಯೇನೋ ಅಂದ್ಯಲ್ಲ

ಪುಟ್ಟಿ,

ಹೊಸ ಮನೆ ಸುದ್ದಿಯೆಲ್ಲ ಓದಿ ಖುಷಿಯಾಯ್ತು, ಆದ್ರೆ ಕೊನೇಲಿ ಒಂದು ಸಾಲು ಬರ್ದಿದ್ಯಲ್ಲ, ಹಾಲ್‌ನಲ್ಲಿ ನಾಲ್ಕು ಜನ ಕೂತು ಮಾತಾಡಿದ್ರೆ ಒಂದೂ ತಿಳಿಯಲ್ಲ, ನಿಮ್ಮ ಥರ ನಂಗೂ ಕಿವಿ ಹೋಗ್ತಿದೆಯೇನೋ ದೊಡ್ಡಪ್ಪ ಅಂತ, ಅದನ್ನ ಓದಿದ್ಮೇಲೆ ರಾತ್ರಿ ನಿದ್ದೆನೇ ಹತ್ಲಿಲ್ಲ.

ಎದ್ದು ನೀನು ಕಳ್ಸಿದ್ದ ಫೋಟೋ ಮತ್ತೆ ನೋಡ್ದೆ. ಬಿಳಿ ಗೋಡೆ, ಮಿಂಚೋ ಟೈಲ್ಸ್, ಒಂದು ಕಡೆ ಪೂರ್ತಿ ಗಾಜು, ಒಂದು ಕರ್ಟನ್ನೂ ಇಲ್ಲ. ಒಂದೇ ಬಲ್ಬಿಗೆ ಮೂಲೆಮೂಲೆನೂ ಬೆಳಗುತ್ತೆ ಅಂದಿದ್ಯಲ್ಲ, ಆ ಗೋಡೆ ಸದ್ದಿಗೂ ಅದನ್ನೇ ಮಾಡ್ತಿದೆ ಕಣೇ. ಬೆಳಕೂ ಗೋಡೆಯಿಂದ ಗೋಡೆಗೆ ಪುಟಿದು ಪುಟಿದೇ ಸಾಯೋದು, ಆದ್ರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತಲ್ಲ, ಸ್ವಿಚ್ ಆಫ್ ಮಾಡಿದ ಕೂಡ್ಲೇ ಕತ್ತಲು ಅನ್ಸುತ್ತೆ. ಸದ್ದು ಬರೀ 343 ಮೀಟರ್, ಹಾಗಾಗಿ ಒಂದು ಪದದ ಬಾಲ ಇನ್ನೂ ರೂಮಲ್ಲಿ ಸುತ್ತಾಡ್ತಿರೋವಾಗ್ಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟೀಲಿ ಸೇಬಿನ್ ಅನ್ನೋ ಫಿಸಿಕ್ಸ್ ಮೇಷ್ಟ್ರ ಪಾಲಿಗೆ ಇಂಥದ್ದೇ ಲೆಕ್ಚರ್ ಹಾಲ್ ಬಂದಿತ್ತು, ಆಡಿದ ಮಾತು ಸುಮಾರು 5.5 ಸೆಕೆಂಡ್ ಉಳೀತಿತ್ತಂತೆ, ಸದ್ದು ಹೀರ್ಲಿ ಅಂತ ಥಿಯೇಟರಿನ ಸೀಟ್ ಕುಶನ್ ಹೊತ್ತು ತಂದು ಹಾಕಿ ಹಾಕಿ, ಅದು ಎಷ್ಟು ಬೇಗ ಸಾಯುತ್ತೆ ಅಂತ ಅಳೆದ್ರು. ಅಲ್ಲಿ ಕೂತೋರ ಕಿವಿಗೇನೂ ಆಗಿರ್ಲಿಲ್ಲ.

ಹಾಗಂತ ನಿಂದೂ ಸರಿ ಇದೆ ಅಂತ ನಾನು ಹೇಗೆ ಹೇಳ್ಲಿ? ನಾನೂ 9 ವರ್ಷ ತಪ್ಪನ್ನ ರೂಮಿನ ಮೇಲೆ, ಫ್ಯಾನಿನ ಮೇಲೆ, ನಿಮ್ಮ ದೊಡ್ಡಮ್ಮನ ಮೇಲೆ ಹಾಕ್ದೆ. ಬಾಯೊಳಗೇ ಗೊಣಗ್ಬೇಡ, ಬಿಡಿಸಿ ಹೇಳು ಅಂತ ರೇಗ್ತಿದ್ದೆ. ಅವಳು ಬಿಡಿಸೇ ಹೇಳ್ತಿದ್ಲು, ನಂಗೆ ಸ, ಶ ಇವೇ ಮಾಯ ಆಗಿದ್ವು, ಅವಳು ‘ಸಾಕು’ ಅಂದ್ರೆ ನಂಗೆ ‘ಹಾಕು’. ಆಮೇಲಾಮೇಲೆ ಅವಳೇ ಮಾತು ಕಮ್ಮಿ ಮಾಡಿದ್ಲು. ಬಿಡು, ನಿಂಗೆ ಗೊತ್ತಿರೋದೇ.

ಅದೇ ನಾಲ್ಕು ಜನ ಬಯಲಲ್ಲಿ ಕೂತು ಮಾತಾಡಿ ನೋಡಿ, ಗೋಡೆನೇ ಇಲ್ದಿರೋ ಕಡೆ. ಸ್ಪಷ್ಟ ಕೇಳಿದ್ರೆ ಮುಕ್ಕಾಲು ಪಾಲು ರೂಮಿಂದೇ ತಪ್ಪು. ಇನ್ನೊಂದು, ನಗಬೇಡ, ಒಬ್ರು ಗೋಡೆಗೆ ಕನ್ನಡಿ ಆನಿಸಿ ಮೆಲ್ಲಗೆ ಸರಿಸ್ತಾ ಹೋಗ್ಲಿ, ನೀನು ನಿನ್ ಕುರ್ಚೀಲಿ ಕೂತಿರು, ಮಾತಾಡೋರ ಬಾಯಿ ಎಲ್ಲಿ ಕಾಣುತ್ತೋ ಅಲ್ಲಿಂದ್ಲೇ ಸದ್ದೂ ಪುಟಿದು ನಿನ್ನ ಕಿವಿಗೆ ಬರೋದು, ಅಲ್ಲಿ ದಪ್ಪ ಬಟ್ಟೆ ಇಳಿಬಿಡು. ದಪ್ಪ ದನಿಗೆ ಇದು ನಡಿಯಲ್ಲ, 100 ಹರ್ಟ್ಸಿನ, ಅಂದ್ರೆ ಸೆಕೆಂಡಿಗೆ 100 ಸಲ ಅದುರೋ ಸದ್ದಿನ ಅಲೆ 3.4 ಮೀಟರ್ ಉದ್ದ, ಬೆಳಕಿನ ಥರ ನೆಟ್ಟಗೆ ಹೋಗದೆ ಬಾಗಿಲು ಬಳಸ್ಕೊಂಡು ಬರುತ್ತೆ. ಗೋಡೆಗೆ ಕಪ್ಪು ಹೊಡ್ಸೋಕೆ ಹೋಗ್ಬೇಡ ಮತ್ತೆ, ಬೆಳಕು ಸಾಯುತ್ತೆ, ಸದ್ದಿಗೆ ಬಣ್ಣ ಕಾಣಲ್ಲ.

ಬಯಲಲ್ಲಿ ಚೆನ್ನಾಗಿ ಕೇಳಿದ್ರೂ ಒಂದು ಆಡಿಯೋಗ್ರಾಮ್, ಅದೇ ಕಿವಿ ಎಷ್ಟು ಕೇಳುತ್ತೆ ಅಂತ ನೋಡೋ ಟೆಸ್ಟ್, ಮಾಡಿಸ್ಬಿಡು. ನನ್ನ ಸಮಾಧಾನಕ್ಕೆ ಅಂದ್ಕೋ. ರಿಪೋರ್ಟ್ ಫೋಟೋ ತೆಗ್ದು ಕಳ್ಸು, ಫೋನ್ ಮಾಡ್ಬೇಡ, ಫೋನಲ್ಲಿ ನಂಗೆ ಸರಿಯಾಗಿ ಕೇಳಲ್ಲ.

ನಿನ್ನ ದೊಡ್ಡಪ್ಪ